ದಗದ ಐತಿ, ನೌಕರಿ ಇಲ್ಲ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈಗ ನನ್ನ ಪರಿಚಯ ಮಾಡಿಕೊಡುತ್ತ, "ಇದೇ ಶಾಲೆಯ ಬೆಂಚಿನ ಮೇಲೆ ಕೂತು ಕಲಿತವರು ಇಂದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದಾರೆ, ಮಕ್ಕಳು ಇವರನ್ನು ನೋಡಿ ಕಲಿಯಬೇಕು" ಎಂದರು. ಒಂದು ಸಣ್ಣ ತಿದ್ದುಪಡಿ. ನಾನು ಎಂಟನೇ ತರಗತಿಗೆ ಬಂದಾಗ ಬೆಂಚು ಇರಲಿಲ್ಲ, ತಟ್ಟಿನ ಮೇಲೆ ಕೂರುತ್ತಿದ್ದೆವು. ಇನ್ನೊಂದು ತಿದ್ದುಪಡಿ ಸ್ವಲ್ಪ ದೊಡ್ಡದು, ಅದಕ್ಕಾಗಿಯೇ ಈ ಭಾಷಣ. ನನ್ನೊಬ್ಬನನ್ನು ನೋಡಿ ನಮ್ಮ ಸೀಮೆಯ ಉದ್ಯೋಗದ ಸ್ಥಿತಿಯನ್ನು ಅಳೆಯಬೇಡಿ. ನಮ್ಮ ತರಗತಿಯಲ್ಲಿ ನನಗಿಂತ ಚುರುಕಾಗಿ ಲೆಕ್ಕ ಮಾಡುತ್ತಿದ್ದ ಒಬ್ಬಾಕೆ ಇದ್ದಳು. ಗಣಿತದ ಮಾಸ್ತರು ಬೋರ್ಡಿನ ಮೇಲೆ ಬರೆದು ಮುಗಿಸುವುದರೊಳಗೆ ಉತ್ತರ ಹೇಳುತ್ತಿದ್ದಳು. ಹತ್ತನೇ ತರಗತಿಯಾದ ಮೇಲೆ ಆಕೆ ಎಲ್ಲಿಗೆ ಹೋದಳು, ಈಗ ಏನು ಮಾಡುತ್ತಾಳೆ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಬೆಂಗಳೂರಿಗೆ ಹೋದವನನ್ನು ಶಾಲೆ ಹುಡುಕಿ ಕರೆಯುತ್ತದೆ. ಉಳಿದವರ ಲೆಕ್ಕ ಯಾರೂ ಇಟ್ಟಿಲ್ಲ.

ನಾನು ಬಿ.ಇ. ಓದಿದವನು, ಅರ್ಥಶಾಸ್ತ್ರ ಓದಿದವನಲ್ಲ. ಆದರೆ ಅಂಕಿಗಳ ಜೊತೆ ದಿನ ಕಳೆಯುವುದು ನನ್ನ ಹೊಟ್ಟೆಪಾಡು. ಕಾರ್ಯಕ್ರಮಕ್ಕೆ ಕರೆ ಬಂದಾಗಿನಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲ್ಲೂಕುಗಳ ದುಡಿಮೆ ಹೇಗಿದೆ, ಸುತ್ತಲಿನ ಸೀಮೆಗೆ ಹೋಲಿಸಿದರೆ ಎಲ್ಲಿದೆ ಎಂದು ನೋಡತೊಡಗಿದೆ. ನೋಡಲು ಕೂತಾಗ ಮೊದಲ ತೊಡಕು ಹೆಸರಿನದೇ. 2011ರ ಜನಗಣತಿಯ ಪುಸ್ತಕದಲ್ಲಿ ಬೈಲಹೊಂಗಲ ತಾಲ್ಲೂಕು ಹುಡುಕಿದರೆ ಸಿಗುವುದಿಲ್ಲ, ಸಂಪಗಾವಿ ಎಂದಿದೆ. ಸವದತ್ತಿ ಪರಸಗಡ ಎಂದಿದೆ. ಕಿತ್ತೂರು ಆಗ ಬೇರೆ ತಾಲ್ಲೂಕೇ ಆಗಿರಲಿಲ್ಲ, ಯರಗಟ್ಟಿಯೂ ಅಷ್ಟೇ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ, ಮುಂದಿನದಕ್ಕೆ 2027ರ ಮಾರ್ಚ್ 1 ಎಂದು ದಿನ ಗೊತ್ತುಮಾಡಿದ್ದಾರೆ. ಹೀಗಾಗಿ ನಮ್ಮ ಊರೂರಿನ ದುಡಿಮೆಯ ಬಗ್ಗೆ ಸರ್ಕಾರದ ಕೈಯಲ್ಲಿರುವ ಪೂರ್ತಿ ಲೆಕ್ಕ 2011ರದ್ದೇ. ಇಲ್ಲಿ ಕೂತಿರುವ ಹತ್ತನೇ ತರಗತಿಯ ಮಕ್ಕಳು ಆಗ ತೊಟ್ಟಿಲಲ್ಲಿದ್ದರು.

ಆ ಹಳೆಯ ಲೆಕ್ಕದಿಂದ ಒಂದು ಮಾತು ಮಾತ್ರ ಎತ್ತಿಕೊಳ್ಳುತ್ತೇನೆ. 2011ರಲ್ಲಿ ಕರ್ನಾಟಕದಲ್ಲಿ ದುಡಿಯುವ ನೂರು ಜನರಲ್ಲಿ ಸುಮಾರು 24 ಜನ ಸ್ವಂತ ಸಾಗುವಳಿದಾರರು, 26 ಜನ ಕೃಷಿ ಕೂಲಿಗಳು, 3 ಜನ ಮಗ್ಗದಂಥ ಮನೆಗೆಲಸದ ಉದ್ಯಮದವರು, ಉಳಿದ 47 ಜನ ಬೇರೆ ಕೆಲಸದವರು. ಅಂದರೆ ರಾಜ್ಯದ ಸರಾಸರಿಯಲ್ಲಿ ಹೊಲ ಅರ್ಧ, ಹೊಲದ ಹೊರಗೆ ಅರ್ಧ. ಆ ಹೊರಗಿನ ಅರ್ಧದಲ್ಲಿ ಬೆಂಗಳೂರಿನದೇ ದೊಡ್ಡ ಪಾಲು. ನಮ್ಮ ಕಡೆ ತಕ್ಕಡಿ ಹೊಲದ ಕಡೆಗೇ ವಾಲಿದೆ ಎಂದು ಹೇಳಲು ಪುಸ್ತಕ ಬೇಕಿಲ್ಲ, ಬೆಳಿಗ್ಗೆ ಎಂಟು ಗಂಟೆಗೆ ಊರ ಅಗಸಿಯಲ್ಲಿ ನಿಂತರೆ ಸಾಕು. ದೇಶದ ಲೆಕ್ಕದಲ್ಲಿ ಅದೇ ಹತ್ತು ವರ್ಷದಲ್ಲಿ ಇನ್ನೊಂದು ಬದಲಾವಣೆ ಆಗಿತ್ತು. 2001ರಲ್ಲಿ 12.7 ಕೋಟಿ ಇದ್ದ ಸಾಗುವಳಿದಾರರು 2011ಕ್ಕೆ 11.9 ಕೋಟಿಗೆ ಇಳಿದರು, 10.7 ಕೋಟಿ ಇದ್ದ ಕೃಷಿ ಕೂಲಿಗಳು 14.4 ಕೋಟಿಗೆ ಏರಿದರು. ಹೊಲದವರು ಕಡಿಮೆಯಾಗಿ, ಹೊಲಕ್ಕೆ ಹೋಗುವವರು ಹೆಚ್ಚಾದರು. ನಮ್ಮೂರಲ್ಲಿ ಅಣ್ಣತಮ್ಮಂದಿರ ಹಿಸೆಯಾದ ಮೇಲೆ ಎರಡು ಎಕರೆ ಉಳಿದವನು ಅದನ್ನು ಲಾವಣಿಗೆ ಕೊಟ್ಟು ತಾನು ಬೇರೆಯವರ ಹೊಲಕ್ಕೆ, ಇಲ್ಲವೇ ಗೋವಾಕ್ಕೆ ಹೋಗುವುದನ್ನು ನೀವು ನೋಡಿದ್ದೀರಿ. ಅದೇ ಇದು.

ಈಗ ನಿರುದ್ಯೋಗದ ಲೆಕ್ಕ. 2017ರಿಂದ ಕೇಂದ್ರ ಸರ್ಕಾರ ಕಾರ್ಮಿಕರ ಸಮೀಕ್ಷೆಯನ್ನು ಬಿಡದೆ ನಡೆಸುತ್ತಿದೆ. 2017-18ರಲ್ಲಿ ದೇಶದ ನಿರುದ್ಯೋಗ ಶೇ. 6ರಷ್ಟಿತ್ತು, 2023-24ರಲ್ಲಿ ಶೇ. 3.2ಕ್ಕೆ ಇಳಿದಿದೆ. ಇದನ್ನು ಕೇಳಿದರೆ ಹಬ್ಬ ಮಾಡಬೇಕು ಅನಿಸುತ್ತದೆ. ಆದರೆ ಈ ಲೆಕ್ಕದಲ್ಲಿ ಕೆಲಸದವನು ಎಂದರೆ ಯಾರು? ವರ್ಷದ 365 ದಿನಗಳಲ್ಲಿ 30 ದಿನ ಏನಾದರೊಂದು ದುಡಿಮೆ ಮಾಡಿದವರೂ ಕೆಲಸದವರೇ. ಮನೆಯ ಹೊಲದಲ್ಲಿ, ಮನೆಯ ಅಂಗಡಿಯಲ್ಲಿ ಪಗಾರವಿಲ್ಲದೆ ಕೈಗೂಡಿಸುವವರೂ ಕೆಲಸದವರೇ. ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಹೊಲದಲ್ಲಿ ಬೆವರು ಸುರಿಸುವ ಅವ್ವ ಕೆಲಸದವಳಲ್ಲದೆ ಮತ್ತೇನು? ಆದರೆ ಅದೇ ಸಮೀಕ್ಷೆಯಲ್ಲಿ, 2018-19ರಲ್ಲಿ ಶೇ. 42.5ಕ್ಕೆ ಇಳಿದಿದ್ದ ಕೃಷಿಯ ಪಾಲು 2023-24ರಲ್ಲಿ ಮತ್ತೆ ಶೇ. 46ಕ್ಕೆ ಏರಿದೆ. ಕೊರೊನಾದಲ್ಲಿ ಪಟ್ಟಣದಿಂದ ಹಳ್ಳಿಗೆ ಬಂದವರೆಲ್ಲ ತಿರುಗಿ ಹೋಗಲಿಲ್ಲ. 2020ರ ಬೇಸಿಗೆಯಲ್ಲಿ ಗೋವಾ ಕಡೆಯಿಂದ ಗಂಟುಮೂಟೆ ಹೊತ್ತು ಬಂದವರನ್ನು ಇದೇ ಶಾಲೆಯ ಕೋಣೆಗಳಲ್ಲಿ ಹದಿನಾಲ್ಕು ದಿನ ಇಟ್ಟಿದ್ದು ನೆನಪಿರಬಹುದು. ಅವರಲ್ಲಿ ಊರಲ್ಲೇ ಉಳಿದವರು ಸರ್ಕಾರದ ಲೆಕ್ಕದಲ್ಲಿ ನಿರುದ್ಯೋಗಿಗಳಲ್ಲ. ಅಣ್ಣನ ಹೊಲದಲ್ಲಿ ಒಂದು ಕೈ ಹೆಚ್ಚಾಗಿದ್ದಾರೆ, ಅಷ್ಟೇ.

ಸರ್ಕಾರದ ಭಾಷೆಗಿಂತ ನಮ್ಮ ಮಾತು ಇಲ್ಲಿ ಹೆಚ್ಚು ಸ್ಪಷ್ಟ. ನಮಗೆ ದಗದ ಬೇರೆ, ನೌಕರಿ ಬೇರೆ. ದಗದ ಎಂದರೆ ಮೈಮುರಿ ದುಡಿಮೆ, ಇಂದು ಇದೆ, ನಾಳೆ ಗೊತ್ತಿಲ್ಲ. ನೌಕರಿ ಎಂದರೆ ತಿಂಗಳ ಒಂದನೇ ತಾರೀಖಿಗೆ ಪಗಾರ. ಕನ್ಯೆ ನೋಡಲು ಹೋದಾಗ ಕೇಳುವ ಮಾತು ನಿಮಗೆಲ್ಲ ಗೊತ್ತು. "ಹುಡುಗ ಏನ್ ಮಾಡ್ತಾನರಿ?" "ಏನೂ ಇಲ್ರಿ, ಹೊಲಾ ಮಾಡ್ತಾನ." ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಬ್ಬಿಗೆ ನೀರು ಹಾಯಿಸುವವನು "ಏನೂ ಇಲ್ಲ" ಆಗಿಬಿಡುತ್ತಾನೆ. ಹೊಲ ಇರಬೇಕು, ಆದರೆ ಹುಡುಗ ಹೊಲದಲ್ಲಿ ಇರಬಾರದು, ಇದು ಇಂದಿನ ಬೀಗರ ಕರಾರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೂವತ್ತು ದಾಟಿಯೂ ಮದುವೆಯಾಗದ ಗೆಳೆಯರಿದ್ದಾರೆ. ಒಬ್ಬರಿಗೂ ಕೆಟ್ಟ ಚಟವಿಲ್ಲ, ಎಲ್ಲರೂ ದುಡಿಯುವವರೇ. ಹೆಣ್ಣು ಹೆತ್ತವರನ್ನು ದೂರಲು ನನಗೆ ಬಾಯಿಲ್ಲ, ಏಕೆಂದರೆ ನನ್ನ ತಂಗಿಗೆ ಗಂಡು ನೋಡುವಾಗ ನಾವೂ ಅದನ್ನೇ ಕೇಳಿದೆವು.

ನಾಲ್ಕೂ ತಾಲ್ಲೂಕುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತೇವಾದರೂ ಅವುಗಳ ದುಡಿಮೆ ಒಂದೇ ಅಲ್ಲ.

ಬೈಲಹೊಂಗಲ ಹತ್ತಿಯ ಪೇಟೆ. ನಮ್ಮ ಅಜ್ಜಂದಿರ ಕಾಲದಲ್ಲಿ ಚಕ್ಕಡಿಯ ಮೇಲೆ ಅರಳೆ ಹೇರಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಹತ್ತಿಯ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ಉದ್ಯೋಗ ಎಂದರೆ ಕಂಪನಿ ಎಂದುಕೊಂಡವರು ಬೆಳೆಯ ಕಡೆ ನೋಡುವುದೇ ಇಲ್ಲ. ಹತ್ತಿಯನ್ನು ಯಂತ್ರದಿಂದ ಬಿಡಿಸುವುದು ನಮ್ಮಲ್ಲಿ ಇನ್ನೂ ಬಂದಿಲ್ಲ. ಕಾಯಿ ಒಡೆದಂತೆಲ್ಲ ಮೂರು ನಾಲ್ಕು ಸಲ ಕೈಯಿಂದಲೇ ಬಿಡಿಸಬೇಕು, ಆ ಕೈ ಹೆಣ್ಣುಮಕ್ಕಳದು. ಅದಾದ ಮೇಲೆ ಜಿನ್ನಿನಲ್ಲಿ ಕೆಲಸ, ಪೇಟೆಯಲ್ಲಿ ಹಮಾಲರಿಗೆ ಕೆಲಸ. ಈಗ ಆ ಎರೆಹೊಲಗಳಲ್ಲಿ ಸೋಯಾಬೀನ್ ಇದೆ, ನೀರಿದ್ದಲ್ಲಿ ಕಬ್ಬು ಇದೆ. ಸೋಯಾ ಕೊಯ್ಲಿಗೆ ರಾಶಿ ಯಂತ್ರ ಬಂದರೆ ಒಂದು ಎಕರೆ ಗಂಟೆಯೊಳಗೆ ಮುಗಿಯುತ್ತದೆ. ಕಬ್ಬು ಕಡಿಯಲು ಹೊರಗಿನಿಂದ ಗ್ಯಾಂಗು ಬರುತ್ತದೆ, ಮಹಾರಾಷ್ಟ್ರದ ಬೀಡ ಕಡೆಯವರು, ವಿಜಯಪುರ ಕಡೆಯವರು ಮುಂಗಡ ತೆಗೆದುಕೊಂಡು ಗಂಡ ಹೆಂಡತಿ ಜೋಡಿಯಾಗಿ ಬಂದು ಹೊಲದಲ್ಲೇ ಗುಡಿಸಲು ಹಾಕುತ್ತಾರೆ. ಈಗೀಗ ಕಬ್ಬು ಕಡಿಯುವ ಯಂತ್ರವೂ ಕಾಣುತ್ತಿದೆ. ರೈತನ ದೃಷ್ಟಿಯಿಂದ ಇದರಲ್ಲಿ ತಪ್ಪೇನಿಲ್ಲ, ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಪೂರೈಸುವುದಿಲ್ಲ. ಆದರೆ ಊರಿನ ಹೆಣ್ಣುಮಗಳ ದೃಷ್ಟಿಯಿಂದ ನೋಡಿ. ಒಂದು ಬೆಳೆ ಹೋಗಿ ಇನ್ನೊಂದು ಬಂದಾಗ ಆಕೆಯ ಕೂಲಿಯ ದಿನಗಳು ಹೋದವು. ಇದಕ್ಕೆ ಯಾರೂ ಕಾರ್ಖಾನೆ ಮುಚ್ಚಿತು ಎಂದು ಧರಣಿ ಕೂರಲಿಲ್ಲ, ಪತ್ರಿಕೆಯಲ್ಲಿ ಸುದ್ದಿ ಬರಲಿಲ್ಲ.

ಸಕ್ಕರೆ ಕಾರ್ಖಾನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ, ಬೈಲಹೊಂಗಲದಲ್ಲಿ ಸೋಮೇಶ್ವರ ಸಹಕಾರಿ, ಮುನವಳ್ಳಿಯಲ್ಲಿ ರೇಣುಕಾ, ರಾಮದುರ್ಗ ತಾಲ್ಲೂಕಿನಲ್ಲಿ ಖಾನಪೇಠ, ಉದಪುಡಿ. ಮುನವಳ್ಳಿಯ ಕಂಪನಿ 1990ರ ದಶಕದ ಕೊನೆಯಲ್ಲಿ ಹಳೆಯ ಕಾರ್ಖಾನೆಯೊಂದರ ಯಂತ್ರ ತಂದು ಶುರುವಾಗಿ, 2010ರ ಹೊತ್ತಿಗೆ ಬ್ರೆಜಿಲ್‌ನಲ್ಲಿ ಕಾರ್ಖಾನೆ ಕೊಂಡಿತು, ಈಗ ಅದರ ಹೆಚ್ಚಿನ ಪಾಲು ಸಿಂಗಪುರದವರ ಕೈಯಲ್ಲಿದೆ. ನಮ್ಮ ಸವದತ್ತಿ ತಾಲ್ಲೂಕಿನಿಂದ ಅಷ್ಟು ದೂರ ಹೋದ ಉದ್ಯಮ ಇನ್ನೊಂದಿಲ್ಲ. ಆದರೂ ಸಕ್ಕರೆ ಕೆಲಸದ ಸ್ವಭಾವವೇ ಹಂಗಾಮಿನದು. ದೀಪಾವಳಿಯ ಸುಮಾರಿಗೆ ನುರಿಸುವುದು ಶುರು, ಬೇಸಿಗೆ ಬರುವುದರೊಳಗೆ ಬಂದ್. ಕಾಯಂ ಆದವರು ಕೆಲವರು, ಹಂಗಾಮಿನವರು ಹಲವರು, ಗುತ್ತಿಗೆದಾರನ ಕೈಕೆಳಗಿನವರು ಅದಕ್ಕಿಂತ ಹೆಚ್ಚು. ಕಾರ್ಖಾನೆಯ ಗೇಟಿನ ಹೊರಗೆ ಟ್ರ್ಯಾಕ್ಟರ್ ಸಾಲ, ಟ್ರಾಲಿ, ಡ್ರೈವರು, ಗ್ಯಾರೇಜು, ಚಹಾ ಅಂಗಡಿ. ಅದೂ ದುಡಿಮೆಯೇ, ಆದರೆ ಅರ್ಧ ವರ್ಷದ್ದು.

ಸವದತ್ತಿಗೆ ಇನ್ನೂ ಎರಡು ಆಸ್ತಿಗಳಿವೆ, ಎಲ್ಲಮ್ಮನ ಗುಡ್ಡ ಮತ್ತು ನವಿಲುತೀರ್ಥದ ಆಣೆಕಟ್ಟು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಗುಡ್ಡದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಬಳೆ, ಭಂಡಾರ, ಕಾಯಿ, ಮಂಡಕ್ಕಿ ಮಾರುವವರ ವರ್ಷದ ಗಳಿಕೆ ಆ ಹುಣ್ಣಿಮೆಗಳ ಮೇಲೆ ನಿಂತಿದೆ. 2024ರ ಕೊನೆಗೆ ಕೇಂದ್ರ ಸರ್ಕಾರ ಗುಡ್ಡದ ಪ್ರವಾಸೋದ್ಯಮಕ್ಕೆ 100 ಕೋಟಿ ರೂಪಾಯಿ ಮಂಜೂರು ಮಾಡಿದೆ. ಕಟ್ಟಡಗಳು ಏಳುತ್ತವೆ, ಒಳ್ಳೆಯದೇ. ಆ ಕಟ್ಟಡಗಳ ಅಂಗಡಿಗಳು ಈಗ ನೆಲದ ಮೇಲೆ ಚೀಲ ಹಾಸಿ ಕೂತವರಿಗೆ ಸಿಗುತ್ತವೆಯೋ, ಹರಾಜಿನಲ್ಲಿ ಹೆಚ್ಚು ಕೂಗಿದವರಿಗೆ ಸಿಗುತ್ತವೆಯೋ, ಅದನ್ನು ಈಗಲೇ ಕೇಳಬೇಕು. ಇನ್ನು ಆಣೆಕಟ್ಟು. 1970ರ ದಶಕದ ಆರಂಭದಲ್ಲಿ ಮುಗಿದದ್ದು, ಹೆಚ್ಚುಕಡಿಮೆ ನಮ್ಮ ಶಾಲೆಯ ವಯಸ್ಸಿನದು. ಅದರ ನೀರು ಕಾಲುವೆಯಲ್ಲಿ ನರಗುಂದ, ನವಲಗುಂದಕ್ಕೆ ಹೋಗುತ್ತದೆ, ಪೈಪಿನಲ್ಲಿ ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯಲು ಹೋಗುತ್ತದೆ. ಆ ಪೈಪಿನ ಹಿಂದೆ ಹಿಂದೆ ನಮ್ಮ ಹುಡುಗರೂ ಅದೇ ಊರುಗಳಿಗೆ ಹೋಗಿದ್ದಾರೆ ಎಂದು ನಮ್ಮ ಗೆಳೆಯನೊಬ್ಬ ಚೇಷ್ಟೆ ಮಾಡುತ್ತಾನೆ.

ರಾಮದುರ್ಗ ನಾಲ್ಕರಲ್ಲಿ ದೂರದ್ದು, ಬೆಳಗಾವಿಗೆ ಸುಮಾರು 100 ಕಿಲೋಮೀಟರು. ಭಾವೆ ಮನೆತನದ ಸಂಸ್ಥಾನವಾಗಿದ್ದ ಊರು. ರಾಮದುರ್ಗ, ಸುರೇಬಾನ, ಮನಿಹಾಳದಲ್ಲಿ ಮಗ್ಗದ ಸದ್ದು ಇನ್ನೂ ಇದೆ. ಮಗ್ಗದ ಲೆಕ್ಕವೂ ವಿಚಿತ್ರ. ನೇಯುವವನು ಒಬ್ಬ, ಕಂಡಿಕೆ ಸುತ್ತುವ ಹೆಂಡತಿ, ಸಾಲಿ ಬಿಟ್ಟ ಮೇಲೆ ಕೈಗೂಡಿಸುವ ಮಗಳು. ಮಜೂರಿ ಬರುವುದು ಒಂದು, ಸೀರೆಗೆ ಇಷ್ಟು ಎಂದು. ಸರ್ಕಾರಿ ಶಾಲೆಯ ಮಕ್ಕಳಿಗೆ ಕೊಡುವ ಸಮವಸ್ತ್ರದ ಬಟ್ಟೆಯಲ್ಲಿ ಒಂದು ಪಾಲು ಕೈಮಗ್ಗ ಅಭಿವೃದ್ಧಿ ನಿಗಮದ ನೇಕಾರರು ನೇಯುವುದು, ಮಕ್ಕಳೇ ನಿಮ್ಮ ಅಂಗಿಯಲ್ಲೇ ಯಾರದೋ ಮನೆಯ ತಿಂಗಳ ಖರ್ಚು ಇದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಆ ಸೀಮೆಯ ಎಷ್ಟೋ ಮನೆಗಳ ಜೊತೆ ಮಗ್ಗಗಳೂ ನೀರಲ್ಲಿ ನಿಂತವು. ಕುಣಿಮಗ್ಗಕ್ಕೆ ಕುಣಿಯೇ ಆಧಾರ, ನೀರು ಮೊದಲು ಇಳಿಯುವುದೂ ಅಲ್ಲಿಗೇ. ಅಂದಿನಿಂದ ಮಗ್ಗ ಬಿಟ್ಟು ಗೋವಾದಲ್ಲಿ, ಮಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋದವರನ್ನು ನಾನೇ ಮಾತಾಡಿಸಿದ್ದೇನೆ. ಕೈಯಲ್ಲಿ ಇಪ್ಪತ್ತು ವರ್ಷದ ಕಸುಬು ಇದ್ದವನು ಅಲ್ಲಿ ಹೊಸ ಆಳು.

ಕಿತ್ತೂರಿನ ಮಾತು ಬೇರೆ. ಅದು ಹೆದ್ದಾರಿಯ ಮೇಲಿದೆ. ಧಾರವಾಡದ ಕಡೆ ಅರ್ಧ ತಾಸು ಹೋದರೆ ಬೇಲೂರು, ಮುಮ್ಮಿಗಟ್ಟಿಯ ಕೈಗಾರಿಕಾ ಪ್ರದೇಶ. ಟಾಟಾದವರ ವಾಹನ ಕಾರ್ಖಾನೆ, ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆ, ಅವುಗಳಿಗೆ ಬಿಡಿಭಾಗ ಕೊಡುವ ಸಣ್ಣಪುಟ್ಟವು ಎಲ್ಲ ಅಲ್ಲಿವೆ. ಹೆದ್ದಾರಿಯ ಬದಿಯ ಹಳ್ಳಿಯ ಹುಡುಗ ಐಟಿಐ ಮುಗಿಸಿದರೆ ರಾತ್ರಿ ತನ್ನ ಮನೆಯ ರೊಟ್ಟಿ ತಿಂದು ಮಲಗಬಹುದು. ಹತ್ತು ಸಾವಿರವಾಗಲಿ ಹದಿನೈದು ಸಾವಿರವಾಗಲಿ, ಆ ಪಗಾರದಲ್ಲಿ ಬಾಡಿಗೆ ಹೋಗುವುದಿಲ್ಲ, ಹೊಲವೂ ಬೀಳು ಬೀಳುವುದಿಲ್ಲ. ಬೆಂಗಳೂರಿನಲ್ಲಿ ಇದರ ಎರಡರಷ್ಟು ಪಡೆಯುವ ಹುಡುಗನ ಕೈಯಲ್ಲಿ ಉಳಿಯುವುದು ಅನೇಕ ಸಲ ಇದಕ್ಕಿಂತ ಕಡಿಮೆ. ಆದರೆ ಹೆದ್ದಾರಿಯಿಂದ ಒಳಗೆ ಹೋದಂತೆ ಲೆಕ್ಕ ತಪ್ಪುತ್ತದೆ. ನಮ್ಮೂರಿನ ಹುಡುಗನೊಬ್ಬ ಎರಡು ತಿಂಗಳು ಹೋಗಿ ಬಿಟ್ಟ. ಮೊದಲ ಪಾಳಿ ಬೆಳಕು ಹರಿಯುವ ಹೊತ್ತಿಗೆ ಶುರು, ನಮ್ಮೂರಿನ ಮೊದಲ ಬಸ್ಸು ಹೊರಡುವುದು ಅದಾದ ಮೇಲೆ. ಮೋಟರ್ ಸೈಕಲ್ಲಿನ ಪೆಟ್ರೋಲಿಗೆ ಪಗಾರದ ಮೂರನೇ ಒಂದು ಪಾಲು ಹೋಯಿತು. ಊರಲ್ಲಿ "ಹುಡುಗಗ ನೌಕರಿ ಹತ್ತಲಿಲ್ಲ, ಮೈಗಳ್ಳ" ಎಂದರು. ಅವನು ಮೈಗಳ್ಳನಲ್ಲ, ಒಂದು ಬಸ್ಸಿನ ದೂರದಲ್ಲಿದ್ದ.

ಬಸ್ಸಿನ ಮಾತು ಬಂತು, ರೈಲಿನ ಮಾತೂ ಹೇಳಿಬಿಡುತ್ತೇನೆ. ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲು ನಿಲ್ದಾಣವಿಲ್ಲ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ 73 ಕಿಲೋಮೀಟರಿನ ಹೊಸ ಮಾರ್ಗಕ್ಕೆ 2020ರಲ್ಲಿ ಒಪ್ಪಿಗೆ ಸಿಕ್ಕಿದೆ, ದಿವಂಗತ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ ಅದಕ್ಕೆ ಬೆನ್ನುಹತ್ತಿದ್ದರು. ರಾಮದುರ್ಗ, ಸವದತ್ತಿಯವರು ತಮ್ಮ ಕಡೆಗೂ ರೈಲು ಬೇಕೆಂದು ಕೇಳುತ್ತಲೇ ಇದ್ದಾರೆ. ಪಕ್ಕದ ಗೋಕಾಕನ್ನು ನೋಡಿ. 1880ರ ದಶಕದಲ್ಲೇ ಫಾಲ್ಸಿನ ನೀರಿನ ಬಲದ ಮೇಲೆ ಅಲ್ಲಿ ನೂಲಿನ ಗಿರಣಿ ಎದ್ದಿತು, ಅದರ ಸುತ್ತ ಊರೇ ಬೆಳೆಯಿತು. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳು, ಹತ್ತರಗಿಯಲ್ಲಿ ವಿಮಾನದ ಬಿಡಿಭಾಗದ ಕಾರ್ಖಾನೆಗಳು ಬಂದವು. ನಮ್ಮಲ್ಲಿ ಹತ್ತಿಯಿದ್ದೂ ನೂಲು ಬೇರೆ ಕಡೆ ಆಯಿತು, ನೀರಿದ್ದೂ ಗಿರಣಿ ಬೇರೆ ಕಡೆ ತಿರುಗಿತು. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಹೇಳಿತು. ಆ ವರದಿ ತಾಲ್ಲೂಕನ್ನು ತಾಲ್ಲೂಕಾಗಿ ಅಳೆದದ್ದೇ ದೊಡ್ಡ ಉಪಕಾರ. ಜಿಲ್ಲೆಯ ಸರಾಸರಿ ತೆಗೆದರೆ ಬೆಳಗಾವಿ ನಗರದ ಫೌಂಡ್ರಿಯೂ ರಾಮದುರ್ಗದ ಮಗ್ಗವೂ ಒಂದೇ ಗಂಟಿನಲ್ಲಿ ಕಟ್ಟಿದಂತೆ.

ಹೆಣ್ಣುಮಕ್ಕಳ ಬಗ್ಗೆ ಇನ್ನೂ ಸ್ವಲ್ಪ. 2025-26ರಲ್ಲಿ ನರೇಗಾದಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಇತ್ತು, ರಾಜ್ಯದಲ್ಲಿ ದಿನಕ್ಕೆ 370 ರೂಪಾಯಿ. ಹೊಲದ ಕೂಲಿಯಲ್ಲಿ ಇಂದಿಗೂ ಗಂಡಾಳು ಹೆಣ್ಣಾಳು ಬೇರೆ ಬೇರೆ ಇರುವ ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ. 2023ರ ಜೂನಿನಿಂದ ಶಕ್ತಿ ಯೋಜನೆಯ ಬಸ್ಸು ಬಂತು. ಎಲ್ಲರೂ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಹೆಂಗಸರ ಬಗ್ಗೆ ನಕ್ಕರು. ಅದೇ ಬಸ್ಸಿನಲ್ಲಿ ಬೈಲಹೊಂಗಲದ ಬಟ್ಟೆ ಅಂಗಡಿಗೆ, ದವಾಖಾನೆಗೆ, ಹೊಲಿಗೆ ಕೆಲಸಕ್ಕೆ ದಿನಾ ಹೋಗಿಬರುವ ಹುಡುಗಿಯರನ್ನು ನಾನು ಈ ಸಲ ಊರಿಗೆ ಬರುವಾಗ ಕಂಡೆ. ಆರೇಳು ಸಾವಿರ ಪಗಾರದಲ್ಲಿ ಬಸ್ಸಿಗೆ ಸಾವಿರದ ಮೇಲೆ ಹೋಗುತ್ತಿದ್ದರೆ ಮನೆಯವರು ಕಳಿಸುತ್ತಿರಲಿಲ್ಲ ಎಂದು ಒಬ್ಬಳು ಹೇಳಿದಳು.

ಗಂಡುಮಕ್ಕಳಿಗೆ ಸೈನ್ಯದ ಆಸೆ. ಚನ್ನಮ್ಮ, ರಾಯಣ್ಣನ ನೆಲದಲ್ಲಿ ಅದು ಸಹಜ, ಮರಾಠಾ ಲಘು ಪದಾತಿದಳದ ಕೇಂದ್ರವೂ ಬೆಳಗಾವಿಯಲ್ಲೇ ಇದೆ. ನಮ್ಮ ಶಾಲೆಯ ಮೈದಾನದಲ್ಲಿ ಬೆಳಗಿನ ಐದಕ್ಕೆ ಓಡುವ ಹುಡುಗರು ಇಂದಿಗೂ ಇದ್ದಾರೆ. ಆದರೆ 2022ರಿಂದ ಅಗ್ನಿವೀರ ಬಂದಿದೆ. ನಾಲ್ಕು ವರ್ಷದ ಮೇಲೆ ನೂರಕ್ಕೆ 25 ಜನರನ್ನಷ್ಟೇ ಕಾಯಂ ಮಾಡುತ್ತಾರೆ, ಉಳಿದವರು ಗಂಟು ಹಣದೊಂದಿಗೆ ತಿರುಗಿ ಬರುತ್ತಾರೆ. 2022ರ ಕೊನೆಗೆ ಸೇರಿದ ಮೊದಲ ತಂಡ 2026ರ ಕೊನೆಗೆ ಊರಿಗೆ ಬರಲಿದೆ. ಇಪ್ಪತ್ತೈದರ ಆಸುಪಾಸಿನ, ಶಿಸ್ತು ಕಲಿತ ಹುಡುಗರು. ಅವರಿಗೆ ನಾವು ಏನು ತಯಾರಿ ಮಾಡಿಕೊಂಡಿದ್ದೇವೆ?

ಇನ್ನು ನನ್ನ ಕ್ಷೇತ್ರ. ಸಾಫ್ಟ್‌ವೇರ್ ಎಂದರೆ ಬಾಗಿಲು ತೆರೆದ ಮನೆ ಎಂದು ತಿಳಿದು ಹೊಲ ಮಾರಿ ಬಿ.ಇ.ಗೆ ಹಾಕುವ ತಂದೆಯರಿದ್ದಾರೆ. ಅವರಿಗೆ ಸುಳ್ಳು ಹೇಳಬಾರದು. 2023-24ರ ಒಂದೇ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರೂ ಸೇರಿ ನೌಕರರ ಸಂಖ್ಯೆ 60 ಸಾವಿರಕ್ಕೂ ಹೆಚ್ಚು ಕಡಿಮೆಯಾಯಿತು. ನಾನು ಸೇರಿದಾಗ ಹೊಸಬರನ್ನು ಬ್ಯಾಚುಗಟ್ಟಲೆ ತೆಗೆದುಕೊಳ್ಳುತ್ತಿದ್ದರು. ಈಗ ಹೊಸಬರು ಮಾಡುತ್ತಿದ್ದ ಕೆಲಸದಲ್ಲಿ ಒಂದಷ್ಟನ್ನು ಯಂತ್ರವೇ ಬರೆದುಕೊಡುತ್ತದೆ. ಓದಬೇಡಿ ಎಂದಲ್ಲ. ಸಾಲ ಮಾಡುವ ಮೊದಲು ಆ ಕಾಲೇಜಿನಿಂದ ಹೋದ ವರ್ಷ ಎಷ್ಟು ಜನರಿಗೆ ನಿಜವಾಗಿ ಪಗಾರ ಬಂತು ಎಂದು ಹೋಗಿ ಕೇಳಿ. ಅದರ ಪಕ್ಕದಲ್ಲೇ ಐಟಿಐ ಅನ್ನೂ ನೋಡಿ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ 4,636 ಕೋಟಿ ರೂಪಾಯಿ ವೆಚ್ಚದಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಹೊಸ ಯಂತ್ರಗಳು ಬಂದಿವೆ. ನಮ್ಮ ಕಡೆ "ಪಾಸಾಗದವರು ಹೋಗುವ ಜಾಗ" ಎಂಬ ಮಾತು ಅದಕ್ಕೆ ಇನ್ನೂ ಅಂಟಿಕೊಂಡಿದೆ. ಆ ಮಾತನ್ನು ಮೊದಲು ಬಿಡಬೇಕಾದವರು ಈ ವೇದಿಕೆಯ ಮೇಲಿದ್ದೇವೆ, ನನ್ನನ್ನೂ ಸೇರಿಸಿ.

2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ನೌಕರಿಯಲ್ಲಿ ಮೀಸಲು ಕೊಡುವ ಮಸೂದೆ ಬಂದು, ಎರಡೇ ದಿನದಲ್ಲಿ ತಡೆಹಿಡಿಯಲ್ಪಟ್ಟಿತು. ಅದರ ಬಗ್ಗೆ ಬೆಂಗಳೂರಿನಲ್ಲಿ ಜೋರು ಚರ್ಚೆಯಾಯಿತು. ನನಗೆ ಅನಿಸಿದ್ದು ಇಷ್ಟು. ರಾಮದುರ್ಗದವನಿಗೆ ಬೆಂಗಳೂರಿನ ನೌಕರಿ ಕಾಗದದ ಮೇಲೆ ಸ್ಥಳೀಯ, ಬಸ್ಸಿನಲ್ಲಿ ಒಂದು ರಾತ್ರಿಯ ದಾರಿ. ಅವನ ಅಪ್ಪನಿಗೆ ಎದೆನೋವು ಬಂದರೆ ಅವನು ತಲುಪುವುದು ಮರುದಿನ. ಇದು ಊಹೆಯಲ್ಲ, ನನಗೇ ಆದದ್ದು. ಅಂದು ಅಪ್ಪನನ್ನು ದವಾಖಾನೆಗೆ ಒಯ್ದದ್ದು ಮದುವೆಯಾಗದ, "ಏನೂ ಇಲ್ಲದ", ಹೊಲ ಮಾಡುವ ಅದೇ ಗೆಳೆಯ.

ಆದ್ದರಿಂದ ನಾನು ಕೇಳಲು ಬಂದದ್ದು ಎರಡು. ಒಂದು, ಬೆಳಗಿನ ಪಾಳಿಗೆ ಹೊಂದುವ ಒಂದು ಬಸ್ಸಿಗಾಗಿ ಹಳೆಯ ವಿದ್ಯಾರ್ಥಿಗಳ ಸಂಘದಿಂದ ಅರ್ಜಿ ಬರೆದಿದ್ದೇನೆ, ಸಹಿ ಬೇಕು. ಯಾವ ಊರಿಂದ ಎಷ್ಟು ಜನ ಹೋಗುತ್ತಾರೆ ಎಂಬ ಹಾಳೆ ಅದಕ್ಕೆ ಲಗತ್ತಾಗಬೇಕು, ಇಲ್ಲದಿದ್ದರೆ ಅರ್ಜಿ ಫೈಲಿನಲ್ಲಿ ಮಲಗುತ್ತದೆ.

ಇನ್ನೊಂದು, ಒಂದು ವಹಿ ತಂದಿದ್ದೇನೆ, ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ವಹಿ, ಕಿರಾಣಿ ಅಂಗಡಿಯದು. ಕಂಪ್ಯೂಟರಿನವನು ವಹಿ ತಂದನೇ ಎಂದು ನಗಬೇಡಿ, ಕರೆಂಟು ಹೋದರೂ ಇದು ತೆರೆಯುತ್ತದೆ. ಈ ಶಾಲೆಯಿಂದ ಹತ್ತನೇ ತರಗತಿ ಮುಗಿಸಿದ ಪ್ರತಿಯೊಬ್ಬರೂ ಈಗ ಎಲ್ಲಿದ್ದಾರೆ, ವರ್ಷದಲ್ಲಿ ಎಷ್ಟು ತಿಂಗಳು ಕೆಲಸವಿದೆ, ಊರಿಂದ ಎಷ್ಟು ದೂರ ಎಂದು ಬ್ಯಾಚುವಾರು ಬರೆಯೋಣ. ಜನಗಣತಿ ಬರುವುದು ಬರಲಿ. ಮೊದಲ ಪುಟದಲ್ಲಿ ನನ್ನ ಬ್ಯಾಚು ಬರೆದಿದ್ದೇನೆ. ಒಂಬತ್ತು ಹೆಸರುಗಳ ಮುಂದೆ ಏನೂ ಬರೆಯಲು ಆಗಿಲ್ಲ, ಗಣಿತದ ಮಾಸ್ತರಿಗಿಂತ ಮೊದಲು ಉತ್ತರ ಹೇಳುತ್ತಿದ್ದ ಆ ಹುಡುಗಿಯೂ ಅದರಲ್ಲಿದ್ದಾಳೆ. ಎಂಟು ಜನ ಅವಳ ಜೊತೆಯ ಹೆಣ್ಣುಮಕ್ಕಳೇ. ಮದುವೆಯಾಗಿ ಯಾವ ಊರಿಗೆ ಹೋದರು ಎಂದು ಇಲ್ಲಿ ಕೂತಿರುವ ತಾಯಂದಿರಿಗೆ ಗೊತ್ತಿರುತ್ತದೆ. ಊಟದ ಹೊತ್ತಿಗೆ ನಾನು ಮುಖ್ಯೋಪಾಧ್ಯಾಯರ ಕೋಣೆಯ ಮುಂದೆ ವಹಿ ಹಿಡಿದು ಕೂತಿರುತ್ತೇನೆ, ಬಂದು ಹೇಳಿ.